ವಯ್ಯಾಳಿಯ ಸಣ್ಣ ಸುತ್ತು

ದೇವದುರ್ಗದ ನಮ್ಮ ಕಣದಲ್ಲಿ ಕೊನೆಯ ಸಲ ಹಂತಿ ಕಟ್ಟಿದ್ದನ್ನು ನೋಡಿದಾಗ ನನಗೆ ಏಳೋ ಎಂಟೋ ವರ್ಷ. ನಡುವೆ ಮೇಟಿ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು, ಕಾಲಡಿ ಜೋಳದ ತೆನೆ. ಮೇಟಿಯ ಮಗ್ಗುಲಿಗೆ ವಯಸ್ಸಾದ ಎತ್ತನ್ನೇ ಯಾಕೆ ಕಟ್ಟುತ್ತೀರಿ ಎಂದು ಕೇಳಿದ್ದೆ. "ಹೊರಗಿಂದು ಬರೇ ನಡೀತದ, ಒಳಗಿಂದು ತಿರುಗಬೇಕು. ತಿರುಗೋದು ಕಲಿತ ಎತ್ತಿಗಷ್ಟೇ ಬರ್ತದಪಾ" ಅಂದಿದ್ದ ಮುತ್ಯಾ.

ದಖ್ಖನದ ಕುದುರೆಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಆ ಮಾತು ಈಗ ಬೇರೆಯೇ ಅರ್ಥ ಕೊಡುತ್ತಿದೆ.

ನಮ್ಮ ಜಿಲ್ಲೆಯ ಅತಿ ದೊಡ್ಡ ಯುದ್ಧಕ್ಕೆ, ಅಂದರೆ 1520ರ ರಾಯಚೂರು ಕದನಕ್ಕೆ, ನೆಪವಾದದ್ದೇ ಕುದುರೆಯ ದುಡ್ಡು. ಪೋರ್ಚುಗೀಸ್ ಬರಹಗಾರ ಫೆರ್ನಾವ್ ನೂನಿಜ್ ಹೇಳುವಂತೆ, ಗೋವೆಯಲ್ಲಿ ಕುದುರೆ ಕೊಳ್ಳಲು ಕೃಷ್ಣದೇವರಾಯ 40,000 ಪರ್ದಾವೋ ಕೊಟ್ಟು ಕಳಿಸಿದ್ದವನು ಹಣದೊಂದಿಗೆ ಆದಿಲ್‌ಶಾಹಿ ಸೀಮೆಗೆ ಓಡಿಹೋದ. ಅವನನ್ನು ಒಪ್ಪಿಸಲಿಲ್ಲವೆಂದು ರಾಯನ ದಂಡು ಹೊರಟಿತು. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂಬ ಲೆಕ್ಕವೂ ನೂನಿಜನದೇ. ಚರಿತ್ರೆಯ ಪುಸ್ತಕಗಳಲ್ಲಿ ಈ ಅಂಕಿ ಮತ್ತೆ ಮತ್ತೆ ಬರುತ್ತದೆ.

ಆದರೆ ಕೊಂಡ ಕುದುರೆ ಯುದ್ಧದ ಕುದುರೆಯಲ್ಲ. ನೇರ ಓಡುವುದು ಅದಕ್ಕೆ ಹುಟ್ಟಿನಿಂದಲೇ ಬರುತ್ತದೆ. ಬೆನ್ನ ಮೇಲೆ ಆಳನ್ನು ಹೊತ್ತು, ವೇಗ ತಗ್ಗಿಸಿ, ಇದ್ದಲ್ಲೇ ಹೊರಳಿ ಮತ್ತೆ ನುಗ್ಗುವುದನ್ನು ಮಾತ್ರ ಕಲಿಸಬೇಕು. ಕಲಿಸುವ ದಾರಿ ಅಂದಿಗೂ ಇಂದಿಗೂ ಒಂದೇ: ವೃತ್ತ.

ಇಂದಿನ ಒಲಿಂಪಿಕ್ಸ್‌ನ ಡ್ರೆಸಾಜ್ ಸ್ಪರ್ಧೆಗೆ ಕುದುರೆಯನ್ನು ತಯಾರು ಮಾಡುವವರು 20 ಮೀಟರ್ ಅಗಲದ ವೃತ್ತದಿಂದ ಶುರುಮಾಡುತ್ತಾರೆ. ತಿಂಗಳು, ವರ್ಷಗಳು ಕಳೆದಂತೆ ಅದು 15, 10, ಕೊನೆಗೆ 6 ಮೀಟರಿಗೆ ಇಳಿಯುತ್ತದೆ. ಕಾರಣ ಕಣದ ಎತ್ತಿಗೂ ಗೊತ್ತಿರುವಂಥದ್ದು. ಎಡಬಲದ ಹೆಜ್ಜೆಗಳ ನಡುವೆ ಒಂದಡಿ ಅಂತರವಿದ್ದರೆ, ಒಂದು ಸುತ್ತಿಗೆ ಹೊರಗಾಲು ಒಳಗಾಲಿಗಿಂತ ಸುಮಾರು 1.9 ಮೀಟರ್ ಹೆಚ್ಚು ನಡೆಯಬೇಕು. ವೃತ್ತ ದೊಡ್ಡದಿರಲಿ ಸಣ್ಣದಿರಲಿ, ಈ ವ್ಯತ್ಯಾಸ ಅಷ್ಟೇ. ದೊಡ್ಡ ವೃತ್ತದಲ್ಲಿ ಅದು 63 ಮೀಟರ್ ಉದ್ದಕ್ಕೂ ಹಂಚಿಹೋಗುತ್ತದೆ. ಸಣ್ಣದರಲ್ಲಿ ಬರೀ 19 ಮೀಟರಿನಲ್ಲಿ ಅದನ್ನು ತೀರಿಸಬೇಕು. ಆಗ ಒಳಬದಿಯ ಹಿಂಗಾಲು ಹೊಟ್ಟೆಯಡಿಗೆ ಬಂದು ಭಾರ ಹೊರುವುದು ಅನಿವಾರ್ಯ. ಸಹಜವಾಗಿ ಮುಂಗಾಲುಗಳ ಮೇಲಿರುವ ತೂಕ ಹಿಂದಕ್ಕೆ ಸರಿದು, ಮೈ ಮುಂದೆ ಹಗುರಾಗುತ್ತದೆ. ಅವಸರ ಮಾಡಿದರೆ ಕುದುರೆ ಭುಜ ವಾಲಿಸಿ ಒಳಕ್ಕೆ ಬೀಳುತ್ತದೆ, ಇಲ್ಲವೇ ಹಿಂಭಾಗವನ್ನು ಹೊರಕ್ಕೆ ಎಸೆಯುತ್ತದೆ, ಕೀಲುಗಳು ಕೆಡುತ್ತವೆ. ಎಡಕ್ಕೆ ಸಲೀಸಾಗಿ ತಿರುಗುವ ಕುದುರೆ ಬಲಕ್ಕೆ ಬಿಗಿಯಬಹುದು, ಹಾಗಾಗಿ ಎರಡೂ ಕಡೆ ತಿರುಗಿಸಬೇಕು.

ಗ್ರೀಸಿನ ಕ್ಸೆನೊಫೊನ್ ಕ್ರಿ.ಪೂ. ನಾಲ್ಕನೇ ಶತಮಾನದಲ್ಲೇ ಇದಕ್ಕಾಗಿ ಜೋಡಿ ಸುತ್ತನ್ನು ಸೂಚಿಸಿದ್ದ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲೂ ಸವಾರಿ ಕುದುರೆಯ ನಡೆಗಳಲ್ಲಿ ಮೊದಲು ಬರುವುದು 'ವಲ್ಗನ', ಅಂದರೆ ಸುತ್ತುನಡೆ. ಅದರ ಒಂದು ಬಗೆಯ ಹೆಸರು 'ಯಮಕ'. ಜೋಡಿ ವೃತ್ತವೆಂದು ಅದನ್ನು ವಿವರಿಸುತ್ತಾರೆ. ಕಾವ್ಯದ ಯಮಕ ಬಲ್ಲ ಓದುಗರಿಗೆ ಈ ಹೆಸರಿನ ಚೆಂದ ಹೇಳಬೇಕಿಲ್ಲ.

ನಮ್ಮ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ನಡುವೆ ವಾಜಿವಾಹ್ಯಾಲಿಗೂ ಜಾಗ ಕೊಟ್ಟಿದ್ದಾನೆ. ಕುದುರೆ ಏರಿ ಕೋಲಿನಿಂದ ಚೆಂಡಾಡುವುದೂ ಅದರಲ್ಲಿದೆ. ಚೆಂಡಿನ ಹಿಂದೆ ಹೋಗಿ ಗಕ್ಕನೆ ತಿರುಗುವ ಆಟ ಸುತ್ತು ಕಲಿಯದ ಕುದುರೆಯಿಂದ ಆಗುವಂಥದ್ದಲ್ಲ. ಆ 'ವಾಹ್ಯಾಲಿ'ಯೇ ಕನ್ನಡದಲ್ಲಿ ವೈಹಾಳಿ, ವಯ್ಯಾಳಿ ಆಯಿತು. ಶ್ರೀರಂಗದಲ್ಲಿ ದೇವರ ಕುದುರೆ ವಾಹನವನ್ನು ಹೊತ್ತು ಓಡಾಡಿಸುವ ಸೇವೆಗೆ ಇಂದಿಗೂ ಅದೇ ಹೆಸರು.

ಪದ ಉಳಿಯಿತು. ಕಲಿಸಿದವರು? ಅದೇ ನೂನಿಜ್ ಇನ್ನೊಂದು ಲೆಕ್ಕ ಕೊಡುತ್ತಾನೆ: ಅರಮನೆಯ ಕುದುರೆಗಳನ್ನು ನೋಡಿಕೊಳ್ಳಲು 1,600 ಆಳುಗಳು, ಪಳಗಿಸಲು 300 ಮಂದಿ. ಇದು ಒಂದೇ ಸಾಲು, ಅದರಲ್ಲಿ ಒಂದು ಹೆಸರೂ ಇಲ್ಲ. ಹದಿಮೂರು ಸಾವಿರವನ್ನು ಎಲ್ಲರೂ ಎತ್ತಿಕೊಂಡೆವು, ಮುನ್ನೂರನ್ನು ದಾಟಿ ಹೋದೆವು. ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ನಾನೂ ದಾಟಿದ್ದೆ.

ಕುದುರೆಯ ಬೆಲೆ ಬಂದರಿನಲ್ಲಿ ನಿಗದಿಯಾಗುತ್ತಿತ್ತು, ಅದರ ಯೋಗ್ಯತೆ ಮಾತ್ರ ಯಾವುದೋ ಬಯಲಿನಲ್ಲಿ, ದಿನವೂ ಬೆಳಿಗ್ಗೆ ಒಬ್ಬ ಹಾಕಿಸಿದ ಸಣ್ಣ ಸುತ್ತಿನಲ್ಲಿ. ಈಗ ನಮ್ಮ ಕಣಕ್ಕೆ ರಾಶಿ ಮಷೀನು ಬಂದಿದೆ, ಮೇಟಿ ನೆಟ್ಟಿದ್ದ ಕುಳಿಯೂ ಮುಚ್ಚಿದೆ. ಕರಡನ್ನು ತಿದ್ದುವಾಗ ಆ ಮುನ್ನೂರು ಜನರ ಸಾಲನ್ನು ಅಡಿಟಿಪ್ಪಣಿಯಿಂದ ಎತ್ತಿ ಅಧ್ಯಾಯದ ಮೊದಲಿಗೆ ತಂದಿಟ್ಟೆ.