ಉಲ್ಲೇಖಗಳ ಎಣಿಕೆ ಮತ್ತು ಜೀವವೈದ್ಯಕೀಯ ಸಂಶೋಧನೆಯ ಮೌಲ್ಯಮಾಪನ

ಪ್ರಯೋಗಾಲಯದ ಸಂಶೋಧನೆಯಲ್ಲಿ ಯಾವ ಬದಲಾವಣೆ ಮಹತ್ವದ್ದು ಎಂದು ಅಳೆಯಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧವು ಕಂಡುಕೊಂಡ ಮುಖ್ಯ ಸಾಧನ ಉಲ್ಲೇಖಗಳ ಎಣಿಕೆ. ಅಮೆರಿಕದ ಯುಜೀನ್ ಗಾರ್ಫೀಲ್ಡ್ ಇದರ ಕಲ್ಪನೆಯನ್ನು 1955ರಲ್ಲಿ ಮಂಡಿಸಿದರು; 1964ರಲ್ಲಿ ವಿಜ್ಞಾನ ಉಲ್ಲೇಖ ಸೂಚಿ ಅಧಿಕೃತವಾಗಿ ಆರಂಭವಾಯಿತು. ಒಂದು ವಿಚಾರವು ಮುಂದೆ ಯಾರ ಕೈಯಲ್ಲಿ ಬೆಳೆಯಿತು, ಯಾರಿಂದ ಪ್ರಶ್ನೆಗೊಳಗಾಯಿತು ಎಂಬ ಜಾಡನ್ನು ಹಿಡಿಯುವುದು ಅವರ ಮೂಲ ಉದ್ದೇಶವಾಗಿತ್ತು.

ಈ ಎಣಿಕೆಯಲ್ಲಿ ಅಗ್ರಸ್ಥಾನ ಪಡೆದದ್ದು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ ಲೇಖನ. ದ್ರಾವಣದಲ್ಲಿರುವ ಪ್ರೋಟೀನಿನ ಪ್ರಮಾಣವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಅದು ವಿವರಿಸುತ್ತದೆ. 2014ರ ಗಣನೆಯೊಂದರಲ್ಲಿ ಅದರ ಉಲ್ಲೇಖಗಳು 3 ಲಕ್ಷವನ್ನು ಮೀರಿದ್ದವು. ಡಿಎನ್‌ಎಯ ಜೋಡಿ ಸುರುಳಿಯ ರಚನೆಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನವು ಅದೇ ಗಣನೆಯ ಮೊದಲ 100ರಲ್ಲಿಯೂ ಇರಲಿಲ್ಲ. ಪ್ರಯೋಗದಲ್ಲಿ ಬಳಸಿದ ವಿಧಾನವನ್ನು ಸಂಶೋಧಕರು ತಪ್ಪದೆ ಹೆಸರಿಸುತ್ತಾರೆ. ಮೂಲಭೂತ ತಿಳಿವಾದರೋ ಪಠ್ಯಪುಸ್ತಕಗಳನ್ನು ಸೇರಿ, ಗಾದೆಯಂತೆ ಕರ್ತೃವಿನ ಹೆಸರನ್ನು ಕಳಚಿಕೊಂಡು ಎಲ್ಲರ ಸ್ವತ್ತಾಗುತ್ತದೆ.

ಹೀಗಿದ್ದೂ, ಉಲ್ಲೇಖಗಳ ಸರಾಸರಿಯನ್ನು ಆಧರಿಸಿ 1975ರಿಂದ ಪ್ರಕಟವಾಗುತ್ತ ಬಂದ ನಿಯತಕಾಲಿಕಗಳ ಪ್ರಭಾವಾಂಕವು ಗ್ರಂಥಾಲಯಗಳ ಆಯ್ಕೆಗೆ ನೆರವಾದುದಲ್ಲದೆ, ಕ್ರಮೇಣ ಸಂಶೋಧಕರ ನೇಮಕಾತಿ, ಬಡ್ತಿ ಹಾಗೂ ಧನಸಹಾಯಗಳ ಮಾನದಂಡವೂ ಆಯಿತು. ಇದನ್ನು ವಿರೋಧಿಸಿ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡು 2013ರಲ್ಲಿ ಪ್ರಕಟವಾದ ಘೋಷಣೆಯು, ಲೇಖನ ಅಚ್ಚಾದ ಪತ್ರಿಕೆಯ ಅಂಕದಿಂದ ಸಂಶೋಧಕರ ಯೋಗ್ಯತೆಯನ್ನು ನಿರ್ಣಯಿಸಬಾರದೆಂದು ಒತ್ತಾಯಿಸಿತು. ಎಣಿಕೆಯು ಬಳಕೆಯ ವ್ಯಾಪ್ತಿಯನ್ನು ತಿಳಿಸಬಲ್ಲದು. ತಿಳಿವಳಿಕೆಯಲ್ಲಾದ ಪಲ್ಲಟವನ್ನು ಗುರುತಿಸಲು ಲೇಖನವನ್ನೇ ಓದಬೇಕಾಗುತ್ತದೆ.