ಜಾಕೋಬಿನ್ ಕ್ಲಬ್, ಶ್ರೀರಂಗಪಟ್ಟಣ

ಫ್ರೆಂಚ್ ಕ್ರಾಂತಿಯ ಆದರ್ಶಗಳ ಹೆಸರಿನಲ್ಲಿ 1797ರಲ್ಲಿ ಟಿಪ್ಪು ಸುಲ್ತಾನನ ರಾಜಧಾನಿಯಲ್ಲಿ ನಡೆದಿತ್ತೆನ್ನಲಾದ ಫ್ರೆಂಚರ ಸಂಘ. ಮಾರಿಷಸ್‌ನಿಂದ ಮಂಗಳೂರಿಗೆ ಬಂದ ನಾವಿಕ ಫ್ರಾನ್ಸ್ವಾ ರಿಪೋ ಇದರ ಮುಂದಾಳು. ಸದಸ್ಯರು ಮೇ ತಿಂಗಳಲ್ಲಿ ಸ್ವಾತಂತ್ರ್ಯವೃಕ್ಷ ನೆಟ್ಟು, ಟಿಪ್ಪುವನ್ನು ಬಿಟ್ಟು ಉಳಿದೆಲ್ಲ ಅರಸರನ್ನು ದ್ವೇಷಿಸುವ ಪ್ರತಿಜ್ಞೆ ಮಾಡಿದರೆಂದು, 1799ರಲ್ಲಿ ಕೋಟೆ ಬಿದ್ದ ಮೇಲೆ ಬ್ರಿಟಿಷರು ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಈ ಪತ್ರಗಳ ನೈಜತೆಯನ್ನು ಕೆಲವು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಟಿಪ್ಪುವಿಗೆ ಬೇಕಿದ್ದುದು ಮುಖ್ಯವಾಗಿ ಇಂಗ್ಲಿಷರ ವಿರುದ್ಧ ಫ್ರೆಂಚರ ಸೇನಾನೆರವು. ರಾಜಸತ್ತೆ ಹಾಗೆಯೇ ಉಳಿಯಿತು. ಮೈಸೂರಿನಲ್ಲಿ ಆಡಳಿತದ ಎದುರು ಪ್ರಜೆಗಳ ಅಹವಾಲಿಗೆ ಸಾಂಸ್ಥಿಕ ವೇದಿಕೆ ದೊರೆತದ್ದು 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದ ಪ್ರಜಾಪ್ರತಿನಿಧಿ ಸಭೆಯ ಮೂಲಕ. ಜಿಲ್ಲೆಗಳ ರೈತರು, ವರ್ತಕರು ಅಲ್ಲಿ ಸೇರಿದ್ದು ನಾಡಿನ ರಾಜಕೀಯ ಚರಿತ್ರೆಯ ಹೆಮ್ಮೆಯ ಹೆಜ್ಜೆ.