ಹೈದರಾಬಾದಿನ ನಾಯಿಗಳು, ಏಳು ದಿನದ ಇಲಿಮರಿಗಳು

ನಮ್ಮ ಹಿರೋಳ್ಳಿ ಆಳಂದ ತಾಲೂಕಿನ ಗಡಿ ಊರು. 1948ರ ತನಕ ಆಳಂದ ಸೀಮೆ ಹೈದರಾಬಾದ್ ನಿಜಾಮರದು. ಆ ಕಾಲದ ಇತಿಹಾಸ ಅಂದ್ರೆ ನಮ್ಮ ಕಡೆ ಎಲ್ಲರಿಗೂ ರಜಾಕಾರರ ಕತೆ ನೆನಪಾಗ್ತದ. ನನಗೆ ಅದೇ ರಾಜ್ಯದ ಆಪರೇಷನ್ ಥಿಯೇಟರಿನ ಕತೆಯೂ ಅಷ್ಟೇ ಮುಖ್ಯ ಅನ್ನಿಸುತ್ತೆ.

ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಸಾಯೋದು ಉಸಿರು ನಿಂತೋ, ಹೃದಯ ನಿಂತೋ? ಇದನ್ನ ತೀರ್ಮಾನಿಸೋಕೆ 1888 ಮತ್ತು 1889ರಲ್ಲಿ ಸರ್ಜನ್ ಎಡ್ವರ್ಡ್ ಲಾರಿ ಹೈದರಾಬಾದಿನಲ್ಲಿ ಎರಡು ಆಯೋಗ ನಡೆಸಿದ. ಖರ್ಚು ನಿಜಾಮರದು. ಮೊದಲನೆಯದರಲ್ಲಿ 141 ನಾಯಿಗಳು, ಎರಡನೆಯದರಲ್ಲಿ 400ಕ್ಕೂ ಹೆಚ್ಚು ಪ್ರಾಣಿಗಳು. ಉಸಿರು ನೋಡಿಕೊಂಡರೆ ಸಾಕು, ಕ್ಲೋರೋಫಾರ್ಮ್ ಸೇಫ್ ಅಂತ ಅವನ ತೀರ್ಪು. 1911ರಲ್ಲಿ ಲೆವಿ ಎಂಬ ವೈದ್ಯ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಸ್ವಲ್ಪವೇ ಕ್ಲೋರೋಫಾರ್ಮ್ ಕೊಟ್ಟರೂ ಹೃದಯ ಹಠಾತ್ತನೆ ನಿಲ್ಲಬಹುದು ಅಂತ ತೋರಿಸಿದ.

ಲಾರಿಯ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರು. ಅರಿವಳಿಕೆ ಕೊಡುವ ಕೈ ಅಷ್ಟು ಬೇಗ ಹೆಣ್ಣಿನದಾಯ್ತು. ಮೇಜಿನ ಮೇಲೆ ಮಲಗಿದ್ದು ಹೆಣ್ಣೋ ಗಂಡೋ ಅನ್ನೋದು ದೊಡ್ಡ ಪ್ರಶ್ನೆಯಾಗೋಕೆ ಮಾತ್ರ ಇನ್ನೂ ನೂರು ವರ್ಷ ಹಿಡೀತು.

ಅಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತು: ಬದುಕಿ ಎದ್ದವರು ಮೊದಲಿನಂತೆಯೇ ಬೆಳೀತಾರಾ? 2003ರಲ್ಲಿ ಅಮೆರಿಕದಲ್ಲಿ ಏಳು ದಿನದ ಇಲಿಮರಿಗಳಿಗೆ ಆರು ಗಂಟೆ ಅರಿವಳಿಕೆ ಕೊಟ್ಟರು. ಮಿದುಳಿನ ಕೋಶಗಳು ಸತ್ತವು, ಮುಂದೆ ಕಲಿಕೆಯೂ ಕುಂಟಿತು. 2009ರಲ್ಲಿ ಜಪಾನಿನ ಸಂಶೋಧಕರು ಮರಿಯಾಗಿದ್ದಾಗ ಸೆವೋಫ್ಲುರೇನ್ ಪಡೆದ ಚಿಕ್ಕ ಇಲಿಗಳನ್ನು ದೊಡ್ಡದಾದ ಮೇಲೆ ನೋಡಿದರು. ಬೇರೆ ಇಲಿಗಳ ಜೊತೆ ಬೆರೆಯೋ ರೀತಿಯೇ ಏರುಪೇರಾಗಿತ್ತು. 2014ರ ಇನ್ನೊಂದು ಪ್ರಯೋಗದಲ್ಲಿ ಐಸೋಫ್ಲುರೇನ್ ಪಡೆದ ಗಂಡಿಲಿಗಳ ನೆನಪಿಗೆ ಪೆಟ್ಟು ಬಿತ್ತು, ಹೆಣ್ಣಿಲಿಗಳಿಗೆ ಬೀಳಲಿಲ್ಲ.

ಯಾಕೆ? ಒಂದು ವಿವರಣೆ ಹೀಗಿದೆ. ದೊಡ್ಡವರ ಮಿದುಳನ್ನು ತಣ್ಣಗಾಗಿಸೋ ‘ಗಾಬಾ’ ಎಂಬ ರಾಸಾಯನಿಕ ಎಳೆಮರಿಯಲ್ಲಿ ಉಲ್ಟಾ ಕೆಲಸ ಮಾಡುತ್ತೆ, ಕೆರಳಿಸುತ್ತೆ. ಅದು ತಣಿಸೋ ಕಡೆ ತಿರುಗೋದು ಹೆಣ್ಣುಮರಿಗಳಲ್ಲಿ ಬೇಗ, ಗಂಡುಮರಿಗಳಲ್ಲಿ ತಡ. ಬಹುಪಾಲು ಅರಿವಳಿಕೆಗಳು ಒತ್ತೋದು ಇದೇ ಸ್ವಿಚ್ಚನ್ನ. ಅಂದಮೇಲೆ ಗಂಡು ಹೆಣ್ಣು ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ ಇಬ್ಬರ ನಿಜವೂ ಕಾಣಲ್ಲ.

ಇಲಿ ಮನುಷ್ಯ ಅಲ್ಲ, ನಿಜ. 2016ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿದ್ದೂ ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿ, ಅಥವಾ ಮತ್ತೆಮತ್ತೆ ಕೊಡೋದರ ಬಗ್ಗೆ. 2019ರಲ್ಲಿ ಮುಗಿದ, 722 ಕೂಸುಗಳ ಹರ್ನಿಯಾ ಆಪರೇಷನ್ ಅಧ್ಯಯನದಲ್ಲಿ ಒಂದು ಗಂಟೆಯೊಳಗಿನ ಅರಿವಳಿಕೆಯಿಂದ ಐದನೇ ವಯಸ್ಸಿನ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ನಮ್ಮೂರಿನವರು ‘ಕೂಸಿನ ತಲಿ ಮಂದ ಆಗ್ತದೇನ್ರಿ?’ ಅಂತ ಕೇಳಿದರೆ, ಬೇಕಾದ ಆಪರೇಷನ್ ಮುಂದೂಡಬೇಡ್ರಿ ಅಂತಲೇ ಹೇಳ್ತೀನಿ.

ಆದರೆ ಆ 722ರಲ್ಲಿ ಶೇ. 80ಕ್ಕೂ ಹೆಚ್ಚು ಗಂಡುಕೂಸುಗಳು, ಯಾಕಂದ್ರೆ ಹರ್ನಿಯಾ ಅವರಿಗೇ ಹೆಚ್ಚು. ಲಾರಿಗೆ ಉತ್ತರ ಸಿಕ್ಕಿದ್ದು ಅವನು ನೋಡಿದ ಕಡೆ ಮಾತ್ರ. ಹೆಣ್ಣುಮಕ್ಕಳ ಕಡೆ ಸರಿಯಾಗಿ ನೋಡೋ ಕೆಲಸ ಇನ್ನೂ ಬಾಕಿ ಇದೆ.